ಪಂಚಾಯಿತಿ ಗಣಕಯಂತ್ರದಲ್ಲಿನ ಕಡತಗಳ ನಿರ್ವಹಣೆ: ಕೆಲವು ಸರಳ ಆಜ್ಞೆಗಳ ಪರಿಚಯ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಗೌರವಾನ್ವಿತ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಅವಗಾಹನೆಗಾಗಿ)

ಗ್ರಾಮ ಪಂಚಾಯಿತಿಯ ಕಾರ್ಯಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿಯೊಂದು ಬರುತ್ತದೆ ಎಂದು ಭಾವಿಸೋಣ. ಮೂರು ವರ್ಷಗಳ ಹಿಂದೆ ನಡೆದ ಒಂದು ರಾಜಕಾಲುವೆ ಕಾಮಗಾರಿಯ ಛಾಯಾಚಿತ್ರಗಳು ಹಾಗೂ ಅದಕ್ಕೆ ಅನುಮೋದನೆ ನೀಡಿದ ಸಭೆಯ ಸೂಚನಾ ಪತ್ರದ ಪ್ರತಿ ಬೇಕೆಂದು ಅರ್ಜಿದಾರರು ಕೋರಿದ್ದಾರೆ. ಛಾಯಾಚಿತ್ರಗಳನ್ನು ತೆಗೆದದ್ದು ಎಲ್ಲರಿಗೂ ನೆನಪಿದೆ. ಅವು ಗಣಕಯಂತ್ರದಲ್ಲಿ ಇವೆ ಎಂಬುದೂ ಖಚಿತ. ಆದರೆ ಎಲ್ಲಿವೆ ಎಂಬುದು ಆಗಿನ ಆಪರೇಟರಿಗೆ ಮಾತ್ರ ಗೊತ್ತಿತ್ತು, ಅವರು ಈಗ ಬೇರೆಡೆ ಇದ್ದಾರೆ. ಮಾಹಿತಿ ಹಕ್ಕು ಅಧಿನಿಯಮ 2005ರ ಅನ್ವಯ ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ. ಅದೇ ಅಧಿನಿಯಮದ 8ನೇ ಪ್ರಕರಣದಲ್ಲಿ ಎಣಿಸಿರುವ ವಿನಾಯಿತಿಗಳ ಪೈಕಿ ‘ಕಡತ ಸಿಗುತ್ತಿಲ್ಲ’ ಎಂಬ ಕಾರಣ ಇಲ್ಲವೆಂಬುದನ್ನು ಸದಸ್ಯರು ಗಮನಿಸಬೇಕು. ಸಕಾರಣವಿಲ್ಲದೆ ವಿಳಂಬವಾದರೆ 20ನೇ ಪ್ರಕರಣದಡಿ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ದಂಡ ತೆರುವವರು ಅಧಿಕಾರಿಯೇ ಆದರೂ, ಊರಿನಲ್ಲಿ ಪ್ರಶ್ನೆ ಎದುರಿಸುವವರು ಸದಸ್ಯರು.

ಆದ್ದರಿಂದ ಈ ಲೇಖನದಲ್ಲಿ ಗಣಕಯಂತ್ರದ ಕಡತಗಳನ್ನು ಹುಡುಕುವ, ಹೆಸರಿಸುವ, ನಕಲು ಮಾಡುವ ಮತ್ತು ಅಳಿಸದೆ ಉಳಿಸುವ ಕೆಲವು ಆಜ್ಞೆಗಳನ್ನು ವಿವರಿಸಲಾಗಿದೆ. ಸದಸ್ಯರು ತಾವೇ ಕುಳಿತು ಕಾರ್ಯಾಲಯದ ಯಂತ್ರವನ್ನು ನಡೆಸಬೇಕೆಂಬುದು ಇದರ ಉದ್ದೇಶವಲ್ಲ. ದಾಖಲೆಗಳ ಹೊಣೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳದ್ದು. ಅವರ ಅನುಮತಿಯಿಲ್ಲದೆ ಯಾರೂ ಆ ಯಂತ್ರದಲ್ಲಿ ಏನನ್ನೂ ಬದಲಿಸತಕ್ಕದ್ದಲ್ಲ. ಆದರೆ ಏನು ಕೇಳಬೇಕು, ಕೇಳಿದ್ದಕ್ಕೆ ಬಂದ ಉತ್ತರ ಸರಿಯೇ ಎಂಬುದನ್ನು ತಿಳಿಯಲು ಸದಸ್ಯರಿಗೆ ಇಷ್ಟು ಪರಿಚಯ ಅವಶ್ಯಕ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸುವುದು ಸೂಕ್ತ. ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ ನಮೂದಾಗುವ ತೆರಿಗೆ ಬೇಡಿಕೆ, ನಮೂನೆ 9, ನಮೂನೆ 11 ಇತ್ಯಾದಿಗಳು ರಾಜ್ಯದ ಸರ್ವರ್‌ನಲ್ಲಿ ಇರುತ್ತವೆ. ಅವುಗಳಿಗೂ ಇಲ್ಲಿ ಹೇಳುವ ಆಜ್ಞೆಗಳಿಗೂ ಸಂಬಂಧವಿಲ್ಲ. ನಮ್ಮ ಚಿಂತೆ ಕಾರ್ಯಾಲಯದ ಯಂತ್ರದಲ್ಲೇ ಉಳಿಯುವ ಕಡತಗಳ ಕುರಿತದ್ದು: ಸಭಾ ಸೂಚನೆಗಳು, ನಡವಳಿಯ ಕರಡು, ಸ್ಕ್ಯಾನ್ ಮಾಡಿದ ಅರ್ಜಿಗಳು, ದರಪಟ್ಟಿಗಳು, ಅಂದಾಜುಪಟ್ಟಿಗಳು, ಚಿಂತಾಮಣಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಪರೀಕ್ಷಾ ವರದಿಗಳು, ಶಿಡ್ಲಘಟ್ಟದ ಹಿಪ್ಪುನೇರಳೆ ನಾಟಿ ಕಾಮಗಾರಿಯ ಚಿತ್ರಗಳು, ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಸಂಸ್ಕರಿತ ನೀರು ಹರಿಯುವ ಕೆರೆಗಳ ಪಕ್ಕದ ಪಂಚಾಯಿತಿಗಳಲ್ಲಿ ಏರಿ-ತೂಬುಗಳ ಚಿತ್ರಗಳು. ಇವುಗಳಿಗೆ ರಾಜ್ಯದಲ್ಲಿ ಬೇರೆಲ್ಲೂ ಪ್ರತಿ ಇಲ್ಲದಿರಬಹುದು. ಯಂತ್ರ ಕೆಟ್ಟರೆ ಇವು ಹೋದಂತೆಯೇ.

ಮೌಸ್ ಹಿಡಿದು ಮಾಡಬಹುದಾದ ಕೆಲಸಕ್ಕೆ ಆಜ್ಞೆ ಏಕೆ ಎಂಬ ಪ್ರಶ್ನೆ ಸಹಜ. ಹತ್ತು ಕಡತಗಳಿದ್ದರೆ ಮೌಸ್ ಸಾಕು. ಐದು ವರ್ಷಗಳ ಎಂಟು ಸಾವಿರ ಕಡತಗಳ ಪಟ್ಟಿಯನ್ನು ಮುದ್ರಿಸಿ ಸಭೆಯ ಮುಂದಿಡಬೇಕಾದರೆ ಮೌಸ್‌ನಿಂದ ಸಾಧ್ಯವಿಲ್ಲ; ಒಂದೇ ಸಾಲಿನ ಆಜ್ಞೆಯಿಂದ ಅರ್ಧ ನಿಮಿಷದಲ್ಲಿ ಸಾಧ್ಯ. ಇನ್ನೊಂದು ಅನುಕೂಲವೆಂದರೆ, ಆಜ್ಞೆಯನ್ನು ಕಾಗದದ ಮೇಲೆ ಬರೆದಿಡಬಹುದು. ಆಪರೇಟರ್ ಬದಲಾದರೂ ಆ ಸಾಲು ಬದಲಾಗದು.

ವಿಂಡೋಸ್ ಯಂತ್ರದಲ್ಲಿ ಹುಡುಕುವ ಪೆಟ್ಟಿಗೆಯಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರಗಳನ್ನು ಒತ್ತಿ ಎಂಟರ್ ಮಾಡಿದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಇದನ್ನು ಕಮಾಂಡ್ ಪ್ರಾಂಪ್ಟ್ ಎನ್ನುತ್ತಾರೆ. ಈ ಸುತ್ತೋಲೆಯಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ, ಅಕ್ಷರಗಳ ನಡುವೆ ಅಡ್ಡಗೆರೆ ಇಟ್ಟು ಮುದ್ರಿಸಲಾಗಿದೆ. ಉದಾಹರಣೆಗೆ ಡಿ-ಐ-ಆರ್ ಎಂದಿದ್ದರೆ ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಅಡ್ಡಗೆರೆಯಿಲ್ಲದೆ ಒಟ್ಟಿಗೆ ಟೈಪ್ ಮಾಡತಕ್ಕದ್ದು. ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದ ಇಲ್ಲಿಲ್ಲ. ಆಜ್ಞೆಯ ನಂತರ ಒಂದು ತೆರಪು ಬಿಡಬೇಕು.

ಗಣಕಯಂತ್ರದ ಫೋಲ್ಡರ್‌ಗಳ ವ್ಯವಸ್ಥೆ ನಮ್ಮ ಆಡಳಿತ ವ್ಯವಸ್ಥೆಯಂತೆಯೇ ಇದೆ. ಚಿಕ್ಕಬಳ್ಳಾಪುರ ಜಿಲ್ಲೆ, ಅದರೊಳಗೆ ಚಿಂತಾಮಣಿ ತಾಲ್ಲೂಕು, ಅದರೊಳಗೆ ಕೈವಾರ ಹೋಬಳಿ, ಅದರೊಳಗೆ ಗ್ರಾಮ. ಅಂಚೆಯ ವಿಳಾಸದಲ್ಲಿ ಮೊದಲು ಮನೆ, ಕೊನೆಗೆ ಜಿಲ್ಲೆ ಬರೆಯುತ್ತೇವೆ. ಗಣಕಯಂತ್ರ ಅದನ್ನು ತಿರುವಿ ಬರೆಯುತ್ತದೆ. ಡಿ:\ಜಿಪಿ\2024-25\ಸಭೆ ಎಂದರೆ ಡಿ ಎಂಬ ಡ್ರೈವ್, ಅದರಲ್ಲಿ ಜಿಪಿ ಎಂಬ ಫೋಲ್ಡರ್, ಅದರಲ್ಲಿ 2024-25ನೇ ಸಾಲಿನ ಫೋಲ್ಡರ್, ಅದರಲ್ಲಿ ಸಭೆ. ನಡುವಿನ ಓರೆಗೆರೆ ಎಡಕ್ಕೆ ವಾಲಿರುತ್ತದೆ. ಕಪ್ಪು ಕಿಟಕಿಯಲ್ಲಿ ಎಡತುದಿಯಲ್ಲಿ ಸದಾ ಇಂತಹ ಒಂದು ವಿಳಾಸ ಕಾಣುತ್ತದೆ. ‘ತಾವು ಈಗ ನಿಂತಿರುವುದು ಇಲ್ಲಿ’ ಎಂದು ಯಂತ್ರ ಹೇಳುತ್ತಿದೆ ಎಂದು ತಿಳಿಯಬೇಕು. ಆಜ್ಞೆ ನೀಡುವ ಮುನ್ನ ಆ ವಿಳಾಸವನ್ನು ಓದುವ ಅಭ್ಯಾಸ ಇರುವವರಿಂದ ಅನಾಹುತಗಳು ಆಗುವುದು ಅಪರೂಪ.

ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಸಿ-ಡಿ ಆಜ್ಞೆ. ಡ್ರೈವ್ ಕೂಡ ಬದಲಾಗಬೇಕಿದ್ದರೆ ಸಿ-ಡಿ /ಡಿ ಎಂದು ಬರೆದು ವಿಳಾಸ ಕೊಡಬೇಕು. ಒಂದು ಮೆಟ್ಟಿಲು ಮೇಲಕ್ಕೆ ಬರಲು ಸಿ-ಡಿ ನಂತರ ಎರಡು ಚುಕ್ಕೆಗಳು. ನಿಂತಿರುವ ಜಾಗದಲ್ಲಿ ಏನೇನಿದೆ ಎಂದು ನೋಡಲು ಡಿ-ಐ-ಆರ್. ಹೊಸ ಫೋಲ್ಡರ್ ಮಾಡಲು ಎಂ-ಡಿ. ಉದ್ದ ಹೆಸರನ್ನು ಪೂರ್ತಿ ಟೈಪ್ ಮಾಡಬೇಕಿಲ್ಲ. ಮೊದಲ ಎರಡು ಅಕ್ಷರ ಒತ್ತಿ ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬುತ್ತದೆ.

ಡಿ-ಐ-ಆರ್ ಆಜ್ಞೆಯ ಜೊತೆ /ಎಸ್ ಸೇರಿಸಿದರೆ ಒಳಗಿನ ಎಲ್ಲಾ ಫೋಲ್ಡರ್‌ಗಳನ್ನೂ ಹೊಕ್ಕು ನೋಡುತ್ತದೆ. ಹೆಸರಿನ ಒಂದು ಭಾಗ ಮಾತ್ರ ನೆನಪಿದ್ದರೆ ಉಳಿದ ಕಡೆ ನಕ್ಷತ್ರ ಚಿಹ್ನೆ ಹಾಕಬೇಕು. ಡಿ-ಐ-ಆರ್ /ಎಸ್ *ರಾಜಕಾಲುವೆ* ಎಂದು ಕೊಟ್ಟರೆ, ಹೆಸರಿನಲ್ಲಿ ಎಲ್ಲಾದರೂ ಆ ಪದವಿರುವ ಪ್ರತಿಯೊಂದು ಕಡತವೂ ತನ್ನ ವಿಳಾಸ, ದಿನಾಂಕ ಹಾಗೂ ಗಾತ್ರದೊಂದಿಗೆ ಕಾಣಿಸುತ್ತದೆ. ಆರಂಭದಲ್ಲಿ ಹೇಳಿದ ಅರ್ಜಿಗೆ ಇದೇ ಉತ್ತರ. ಆದರೆ ಒಂದು ಷರತ್ತು: ಹೆಸರಿನಲ್ಲಿ ‘ರಾಜಕಾಲುವೆ’ ಎಂಬ ಪದ ಇರಬೇಕು. ‘ಸ್ಕ್ಯಾನ್0047’ ಎಂದು ಉಳಿಸಿದ್ದರೆ ಯಾವ ಆಜ್ಞೆಯೂ ಅದನ್ನು ಹುಡುಕಿಕೊಡಲಾರದು. ಸ್ಕ್ಯಾನ್ ಮಾಡಿದ ಕಾಗದದ ಒಳಗಿನ ಬರಹವನ್ನು ಈ ಆಜ್ಞೆ ಓದುವುದಿಲ್ಲ.

ಹಾಗಾಗಿ ಹೆಸರಿಡುವುದೇ ಅರ್ಧ ಕೆಲಸ. ಪಂಚಾಯಿತಿಯ ವ್ಯವಹಾರ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಆರ್ಥಿಕ ವರ್ಷದಲ್ಲಿ ನಡೆಯುವುದರಿಂದ ಮೊದಲ ಫೋಲ್ಡರ್ ವರ್ಷದ ಹೆಸರಿನಲ್ಲೇ ಇರಲಿ. ಅದರೊಳಗೆ ಸಭೆ, ಕಾಮಗಾರಿ, ನೀರು, ಪತ್ರವ್ಯವಹಾರ ಎಂಬ ನಾಲ್ಕೈದು ಸಾಕು. ಇಪ್ಪತ್ತು ವಿಭಾಗ ಮಾಡಿದ ಕಡೆ ಕಡತಗಳು ಯಾವುದಕ್ಕೂ ಸೇರದೆ ಡೆಸ್ಕ್‌ಟಾಪ್‌ನಲ್ಲೇ ಉಳಿಯುತ್ತವೆ. ಕಡತದ ಹೆಸರಿನಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-08-15 ಎಂದು ಬರೆಯಬೇಕು. ಆಗ ಹೆಸರಿನ ಕ್ರಮವೇ ಕಾಲದ ಕ್ರಮವಾಗುತ್ತದೆ. ನಾವು ರೂಢಿಯಲ್ಲಿ ಬರೆಯುವ 15/08/2024 ಎಂಬ ರೂಪವನ್ನು ವಿಂಡೋಸ್ ಒಪ್ಪುವುದೇ ಇಲ್ಲ, ಏಕೆಂದರೆ ಓರೆಗೆರೆ, ನಕ್ಷತ್ರ, ಪ್ರಶ್ನಾರ್ಥಕ ಚಿಹ್ನೆ ಮೊದಲಾದವು ಕಡತದ ಹೆಸರಿನಲ್ಲಿ ನಿಷಿದ್ಧ. ಪದಗಳ ನಡುವೆ ತೆರಪಿನ ಬದಲು ಅಡಿಗೆರೆ ಹಾಕುವುದು ಕ್ಷೇಮ. ತೆರಪು ಇದ್ದರೆ ಆಜ್ಞೆಯಲ್ಲಿ ಆ ಹೆಸರನ್ನು ಪ್ರತಿ ಬಾರಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕಾಗುತ್ತದೆ.

ಹೆಸರನ್ನು ಕನ್ನಡದಲ್ಲೇ ಇಡಬಾರದೇ ಎಂದು ಕೇಳುವವರಿದ್ದಾರೆ. ಯೂನಿಕೋಡ್ ಕನ್ನಡದಲ್ಲಿ ಇಡಲು ವಿಂಡೋಸ್‌ನಲ್ಲಿ ಅಡ್ಡಿಯಿಲ್ಲ. ಆದರೆ ಕಪ್ಪು ಕಿಟಕಿಯಲ್ಲಿ ಕನ್ನಡ ಅಕ್ಷರಗಳ ಬದಲು ಬರಿಯ ಚೌಕಗಳು ಕಾಣುವುದುಂಟು. ಆ ಕಾರಣಕ್ಕಾಗಿ ಮಾತ್ರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡುವುದು ಅನುಕೂಲ. ಕಡತದ ಒಳಗಿನ ಬರಹ ಕನ್ನಡದಲ್ಲೇ ಇರಲಿ, ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಅಕ್ಷರ ಸಂಕೇತದಲ್ಲಿ ಟೈಪ್ ಮಾಡಿದ ನಡವಳಿಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲಾಗದ ಚಿಹ್ನೆಗಳಾಗಿ ಕಾಣುತ್ತವೆ ಎಂಬ ಅನುಭವ ಹಲವರಿಗೆ ಆಗಿರಬಹುದು.

ಛಾಯಾಚಿತ್ರಗಳದ್ದು ಬೇರೆಯೇ ಕಥೆ. ಉದ್ಯೋಗ ಖಾತರಿ ಕಾಮಗಾರಿಗಳಿಗೆ ಆರಂಭಕ್ಕೆ ಮುನ್ನ, ನಡೆಯುವಾಗ, ಮುಗಿದ ನಂತರ ಎಂದು ಚಿತ್ರ ತೆಗೆಯುವ ಪದ್ಧತಿ ಬಂದ ಮೇಲೆ ಒಂದೊಂದು ಪಂಚಾಯಿತಿಯಲ್ಲೂ ಸಾವಿರಾರು ಚಿತ್ರಗಳು ಸೇರಿವೆ. ಅವು ಮೊಬೈಲ್ ಕೊಟ್ಟ ಹೆಸರಿನಲ್ಲೇ ಇರುತ್ತವೆ: ಐಎಂಜಿ, ಅಡಿಗೆರೆ, ದಿನಾಂಕ, ಸಮಯ. ಹೆಸರು ಬದಲಿಸುವ ಆಜ್ಞೆ ಆರ್-ಇ-ಎನ್. ನಕ್ಷತ್ರ ಬಳಸಿ ಒಂದೇ ಸಲಕ್ಕೆ ನೂರಾರು ಹೆಸರು ಬದಲಿಸಬಹುದು, ಆದರೆ ಇಲ್ಲೊಂದು ಬಲೆಯಿದೆ. ಈ ಆಜ್ಞೆ ಪದಕ್ಕೆ ಪದವನ್ನಲ್ಲ, ಅಕ್ಷರದ ಸ್ಥಾನಕ್ಕೆ ಅಕ್ಷರವನ್ನು ಬದಲಿಸುತ್ತದೆ. ಅಡಿಗೆರೆ ಸೇರಿ ನಾಲ್ಕು ಅಕ್ಷರದ ‘ಐಎಂಜಿ_’ ಬದಲು ಇಂಗ್ಲಿಷಿನಲ್ಲಿ ಐದು ಅಕ್ಷರವಾಗುವ ‘ಕೆರೆ_’ ಎಂದು ಕೊಟ್ಟರೆ, ಹೆಚ್ಚಾದ ಒಂದು ಅಕ್ಷರ ದಿನಾಂಕದ ಮೊದಲ ಅಂಕಿಯನ್ನು ನುಂಗಿ, 20240815 ಎಂಬುದು 0240815 ಆಗುತ್ತದೆ. ಹೊಸ ಪದವೂ ಅಷ್ಟೇ ಅಕ್ಷರಗಳದ್ದಾಗಿದ್ದರೆ ತೊಂದರೆಯಿಲ್ಲ. ಇನ್ನೂ ಸುರಕ್ಷಿತ ಮಾರ್ಗವೆಂದರೆ ಚಿತ್ರಗಳ ಹೆಸರನ್ನು ಮುಟ್ಟದೆ, ಕಾಮಗಾರಿಯ ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ಇಡುವುದು.

ಚಿತ್ರಗಳ ವಿಷಯದಲ್ಲಿ ಇನ್ನೊಂದು ಮಾತು. ವಾಟ್ಸ್‌ಆಪ್ ಮೂಲಕ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ, ಚಿತ್ರ ತೆಗೆದ ಸ್ಥಳದ ಅಕ್ಷಾಂಶ-ರೇಖಾಂಶ ವಿವರ ಕಡತದಿಂದ ಕಳಚಿಹೋಗುತ್ತದೆ, ಚಿತ್ರದ ಗುಣಮಟ್ಟವೂ ಕುಗ್ಗುತ್ತದೆ. ಕಾಮಗಾರಿಯ ಚಿತ್ರಗಳನ್ನು ಮೊಬೈಲಿನಿಂದ ತಂತಿಯ ಮೂಲಕವೇ ಯಂತ್ರಕ್ಕೆ ಇಳಿಸತಕ್ಕದ್ದು.

ನಕಲು ಮಾಡುವ ಆಜ್ಞೆ ಸಿ-ಒ-ಪಿ-ವೈ, ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸುವುದು ಎಂ-ಒ-ವಿ-ಇ. ಯಾವುದನ್ನು ಎಂಬುದು ಮೊದಲು, ಎಲ್ಲಿಗೆ ಎಂಬುದು ನಂತರ. ಕೇಳಲು ಸುಲಭವಾದ ಈ ನಕಲು ಆಜ್ಞೆಯಲ್ಲೇ ಮತ್ತೊಂದು ಅಪಾಯ ಅಡಗಿದೆ. ಇನ್ನೂರು ಚಿತ್ರಗಳನ್ನು ನಕ್ಷತ್ರ ಬಳಸಿ ಇ:\ಬ್ಯಾಕಪ್ ಎಂಬಲ್ಲಿಗೆ ನಕಲು ಮಾಡಲು ಹೇಳಿದಿರಿ, ಆದರೆ ಆ ಹೆಸರಿನ ಫೋಲ್ಡರ್ ಅಲ್ಲಿ ಇರಲೇ ಇಲ್ಲ ಎಂದುಕೊಳ್ಳಿ. ಯಂತ್ರ ತಕರಾರು ಮಾಡುವುದಿಲ್ಲ. ಇನ್ನೂರು ಚಿತ್ರಗಳನ್ನೂ ಒಂದರ ಹಿಂದೊಂದು ಅಂಟಿಸಿ ‘ಬ್ಯಾಕಪ್’ ಎಂಬ ಒಂದೇ ಕಡತವನ್ನು ಸೃಷ್ಟಿಸುತ್ತದೆ. ಪರದೆಯ ಮೇಲೆ ಎಲ್ಲಾ ಹೆಸರುಗಳೂ ಸಾಲಾಗಿ ಹರಿದು ಹೋಗುತ್ತವೆ, ಕೆಲಸವಾಯಿತೆಂಬ ನೆಮ್ಮದಿ ಮೂಡುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ 1 ಕಡತ ನಕಲಾಗಿದೆ ಎಂದಿರುತ್ತದೆ. ಆ ಸಂಖ್ಯೆಯನ್ನು ಓದದೆ ಮೂಲ ಚಿತ್ರಗಳನ್ನು ಅಳಿಸಿದವರಿಗೆ ಉಳಿಯುವುದು ಬಳಕೆಗೆ ಬಾರದ ಒಂದು ಮುದ್ದೆ. ಪರಿಹಾರ ಸರಳ: ವಿಳಾಸದ ಕೊನೆಯಲ್ಲೂ ಒಂದು ಓರೆಗೆರೆ ಹಾಕಿ ಇ:\ಬ್ಯಾಕಪ್\ ಎಂದು ಬರೆಯಬೇಕು. ಆಗ ಫೋಲ್ಡರ್ ಇಲ್ಲದಿದ್ದರೆ ವಿಳಾಸ ಸಿಗಲಿಲ್ಲವೆಂದು ಯಂತ್ರ ನಿಲ್ಲುತ್ತದೆ.

ಇಡೀ ವರ್ಷದ ಫೋಲ್ಡರ್ ನಕಲು ಮಾಡಲು ಆರ್-ಒ-ಬಿ-ಒ-ಸಿ-ಒ-ಪಿ-ವೈ, ಅಂದರೆ ರೋಬೋಕಾಪಿ, ಹೆಚ್ಚು ಯೋಗ್ಯ. ಮೂಲ ಫೋಲ್ಡರ್, ಗುರಿ ಫೋಲ್ಡರ್, ನಂತರ /ಇ ಎಂದು ಕೊಟ್ಟರೆ ಒಳಗಿನ ಎಲ್ಲವನ್ನೂ ಅದೇ ವಿನ್ಯಾಸದಲ್ಲಿ ನಕಲಿಸುತ್ತದೆ. ಮುಂದಿನ ವಾರ ಅದೇ ಆಜ್ಞೆ ಕೊಟ್ಟರೆ ಬದಲಾದವನ್ನು ಮತ್ತು ಹೊಸದನ್ನು ಮಾತ್ರ ಮುಟ್ಟುತ್ತದೆ. ಕೊನೆಗೆ /ಎಲ್ ಸೇರಿಸಿದರೆ ಏನನ್ನೂ ಮಾಡದೆ, ಏನು ಮಾಡಲಿದೆ ಎಂಬ ಪಟ್ಟಿಯನ್ನಷ್ಟೇ ತೋರಿಸುತ್ತದೆ. ಮೊದಲ ಬಾರಿ ಹೀಗೆ ನೋಡಿಯೇ ಮುಂದುವರಿಯಬೇಕು. ಮೂಲ ಮತ್ತು ಗುರಿ ಅದಲುಬದಲಾದರೆ ಹೋದ ವಾರದ ಹಳೆಯ ಪ್ರತಿ ಇಂದಿನ ಹೊಸ ಪ್ರತಿಯ ಮೇಲೆ ಕೂರುತ್ತದೆ. /ಎಕ್ಸ್‌ಒ ಎಂದು ಸೇರಿಸಿದರೆ ಹಳೆಯದು ಹೊಸದನ್ನು ಅಳಿಸುವುದು ತಪ್ಪುತ್ತದೆ. ಕೆಲವರು /ಎಂಐಆರ್ ಎಂಬ ಸೂಚನೆಯನ್ನು ಶಿಫಾರಸು ಮಾಡುತ್ತಾರೆ. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲೂ ಅಳಿಸಿಹಾಕುವುದು ಅದರ ಸ್ವಭಾವ. ಯಾರೋ ತಪ್ಪಿ ಅಳಿಸಿದ ಕಡತ ಬ್ಯಾಕಪ್‌ನಿಂದಲೂ ಮಾಯವಾಗುವುದಾದರೆ ಬ್ಯಾಕಪ್ ಇಟ್ಟು ಪ್ರಯೋಜನವೇನು? ಪಂಚಾಯಿತಿಯ ಮಟ್ಟದಲ್ಲಿ ಅದನ್ನು ಬಳಸದಿರುವುದೇ ಲೇಸು.

ಅಳಿಸುವ ಆಜ್ಞೆ ಡಿ-ಇ-ಎಲ್. ಮೌಸ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗಿ ಕೆಲಕಾಲ ಉಳಿಯುತ್ತದೆ. ಈ ಆಜ್ಞೆಯಿಂದ ಅಳಿಸಿದ್ದು ಅಲ್ಲಿಗೆ ಹೋಗುವುದಿಲ್ಲ. ಫೋಲ್ಡರ್‌ನಲ್ಲಿರುವ ಸಮಸ್ತವನ್ನೂ ಅಳಿಸು ಎಂದರೆ ಯಂತ್ರ ಒಮ್ಮೆ ಕೇಳುತ್ತದೆ. ಆದರೆ ಎಲ್ಲಾ ಚಿತ್ರಗಳನ್ನು ಮಾತ್ರ ಅಳಿಸು ಎಂದರೆ ಕೇಳದೆಯೇ ಅಳಿಸುತ್ತದೆ. ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಇಟ್ಟುಕೊಳ್ಳಬಹುದು: ಡಿ-ಇ-ಎಲ್ ಮುಂದೆ ಏನನ್ನು ಬರೆಯಬೇಕೆಂದಿದ್ದೀರೋ ಅದನ್ನೇ ಮೊದಲು ಡಿ-ಐ-ಆರ್ ಮುಂದೆ ಬರೆದು ನೋಡುವುದು. ಅಲ್ಲಿ ಕಂಡದ್ದೇ ಅಳಿಯುವಂಥದ್ದು. /ಪಿ ಸೇರಿಸಿದರೆ ಒಂದೊಂದಕ್ಕೂ ಅನುಮತಿ ಕೇಳುತ್ತದೆ. ನಿಜ ಹೇಳಬೇಕೆಂದರೆ ಪಂಚಾಯಿತಿ ಯಂತ್ರದಲ್ಲಿ ಅಳಿಸುವ ಅಗತ್ಯವೇ ಅಪರೂಪ. ಐದು ವರ್ಷಗಳ ಚಿತ್ರಗಳೂ ಒಂದು ಸಾಮಾನ್ಯ ಹಾರ್ಡ್ ಡಿಸ್ಕ್‌ನಲ್ಲಿ ಹಿಡಿಯುತ್ತವೆ. ಜಾಗವಿಲ್ಲ ಎಂಬ ಕಾರಣ ಕೇಳಿಬಂದಾಗ ಸದಸ್ಯರು ಎಷ್ಟು ಜಾಗವಿದೆ ಎಂದು ಕೇಳಬಹುದು. ಡಿ-ಐ-ಆರ್ ಆಜ್ಞೆಯ ಕೊನೆಯ ಸಾಲಿನಲ್ಲಿ ಉಳಿದಿರುವ ಜಾಗದ ಲೆಕ್ಕ ಇರುತ್ತದೆ.

ಸದಸ್ಯರಿಗೆ ಅತಿ ಹೆಚ್ಚು ಉಪಯುಕ್ತವಾದ ಸಾಲು ಇದು: ಡಿ-ಐ-ಆರ್ /ಎಸ್ /ಬಿ > ಇ:\ಪಟ್ಟಿ.ಟಿಎಕ್ಸ್‌ಟಿ. ಡಿ:\ಜಿಪಿ ಫೋಲ್ಡರ್‌ನಲ್ಲಿ ನಿಂತು ಇದನ್ನು ನೀಡಿದರೆ ಅದರೊಳಗಿನ ಪ್ರತಿಯೊಂದು ಕಡತದ ಪೂರ್ಣ ವಿಳಾಸ, ಸಾಲಿಗೊಂದರಂತೆ, ಪೆನ್‌ಡ್ರೈವ್‌ನಲ್ಲಿ ಪಟ್ಟಿಯಾಗಿ ಉಳಿಯುತ್ತದೆ. /ಬಿ ಬಿಟ್ಟರೆ ದಿನಾಂಕ ಹಾಗೂ ಗಾತ್ರವೂ ಬರುತ್ತವೆ. ದಾಖಲೆಗಳನ್ನು ಪಟ್ಟಿಮಾಡಿ ಸೂಚಿಯೊಂದಿಗೆ ಇಡಬೇಕೆಂದು ಮಾಹಿತಿ ಹಕ್ಕು ಅಧಿನಿಯಮದ 4(1)(ಎ) ಪ್ರಕರಣ ಹೇಳುತ್ತದೆ. ಗಣಕಯಂತ್ರದ ಮಟ್ಟಿಗೆ ಆ ಸೂಚಿಯ ಆರಂಭ ಇದೇ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ವರ್ಗಾವಣೆಯಾದಾಗ ಅಥವಾ ಆಪರೇಟರ್ ಬದಲಾದಾಗ ಕಪಾಟಿನ ಬೀಗದ ಕೈ, ರಸೀದಿ ಪುಸ್ತಕಗಳ ಜೊತೆಗೆ ಈ ಪಟ್ಟಿಯನ್ನೂ ಮುದ್ರಿಸಿ, ಇಬ್ಬರೂ ಸಹಿ ಮಾಡಿ ಪ್ರಭಾರ ಹಸ್ತಾಂತರದ ಕಡತದಲ್ಲಿ ಇಡುವುದು ಅಪೇಕ್ಷಣೀಯ. ಮೂರು ತಿಂಗಳ ನಂತರ ಮತ್ತೆ ಪಟ್ಟಿ ತೆಗೆದು ಹೋಲಿಸಿದರೆ ಯಾವುದು ಕಾಣೆಯಾಗಿದೆ ಎಂಬುದು ತಿಳಿಯುತ್ತದೆ.

ಪಟ್ಟಿಯಲ್ಲಿ ಹೆಸರಿದೆ, ದಿನಾಂಕವೂ ಅದೇ ಇದೆ, ಆದರೆ ಒಳಗಿನ ಬರಹ ಬದಲಾಗಿದ್ದರೆ? ಈ ಅನುಮಾನ ಸಭೆಗಳಲ್ಲಿ ಜಗಳಕ್ಕೆ ಕಾರಣವಾಗುವುದನ್ನು ಸದಸ್ಯರು ಬಲ್ಲರು. ಕಡತದ ದಿನಾಂಕವನ್ನು ನಂಬುವಂತಿಲ್ಲ; ಯಂತ್ರದ ಗಡಿಯಾರ ತಿರುಗಿಸಿದರೆ ದಿನಾಂಕವೂ ತಿರುಗುತ್ತದೆ. ಇದಕ್ಕೆ ಸಿ-ಇ-ಆರ್-ಟಿ-ಯು-ಟಿ-ಐ-ಎಲ್ ಎಂಬ ಆಜ್ಞೆ ಇದೆ. ಅದರ ನಂತರ ತೆರಪು ಬಿಟ್ಟು ಒಂದು ಕಿರುಗೆರೆ ಹಾಗೂ ಅದಕ್ಕೆ ಅಂಟಿಕೊಂಡಂತೆ ಹ್ಯಾಶ್‌ಫೈಲ್ ಎಂಬ ಪದ, ನಂತರ ಕಡತದ ಹೆಸರು, ಕೊನೆಗೆ ಎಸ್‌ಎಚ್‌ಎ256 ಎಂದು ಕೊಟ್ಟರೆ 64 ಅಂಕಿ-ಅಕ್ಷರಗಳ ಒಂದು ಸಾಲು ಬರುತ್ತದೆ. ಅದು ಆ ಕಡತದ ಬೆರಳಗುರುತು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಹೆಸರು ಮಾತ್ರ ಬದಲಾದರೆ ಸಾಲು ಬದಲಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರಲ್ಲಿ, ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ 63ನೇ ಪ್ರಕರಣದಡಿ ನೀಡುವ ಪ್ರಮಾಣಪತ್ರದ ನಮೂನೆಯಲ್ಲೂ ಈ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗಿದೆ.

ಇದನ್ನು ಬಳಸುವ ಬಗೆ ಹೀಗೆ. ಸಭೆ ಮುಗಿದು ಸಹಿಯಾದ ನಡವಳಿಯ ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಉಳಿಸಿದ ಕೂಡಲೇ ಬೆರಳಗುರುತು ತೆಗೆದು ಮುದ್ರಿಸಿ, ನಡವಳಿ ಪುಸ್ತಕದ ಅದೇ ಪುಟಕ್ಕೆ ಅಂಟಿಸಿ ಅಧ್ಯಕ್ಷರು ಮತ್ತು ಅಧಿಕಾರಿ ಸಹಿ ಮಾಡುವುದು. ಮುಂದೆ ಎಂದಾದರೂ ತಕರಾರು ಬಂದರೆ ಎಲ್ಲರೆದುರು ಅದೇ ಆಜ್ಞೆ ನೀಡಿ ಎರಡು ಸಾಲುಗಳನ್ನು ಹೋಲಿಸಬಹುದು. ಸ್ಕ್ಯಾನ್ ಮಾಡಿದ ದಿನದಿಂದ ಕಡತ ಬದಲಾಗಿಲ್ಲ ಎಂಬುದಕ್ಕೆ ಮಾತ್ರ ಇದು ಆಧಾರ. ಅದರಲ್ಲಿ ಬರೆದದ್ದು ಸತ್ಯವೇ ಎಂಬುದನ್ನು ಸಹಿ ಮಾಡುವ ಮುನ್ನ ಸದಸ್ಯರೇ ಓದಿ ನೋಡಬೇಕು.

ಬ್ಯಾಕಪ್ ಡಿಸ್ಕ್ ಕುರಿತು ಕೊನೆಯದಾಗಿ. ಪೆನ್‌ಡ್ರೈವ್ ಅಥವಾ ಹೊರ ಡಿಸ್ಕ್‌ಗೆ ಯಂತ್ರ ಇಂದು ಇ ಎಂಬ ಅಕ್ಷರ ಕೊಟ್ಟು ನಾಳೆ ಎಫ್ ಎಂಬ ಅಕ್ಷರ ಕೊಡಬಹುದು. ನಕಲು ಮಾಡುವ ಮುನ್ನ ವಿ-ಒ-ಎಲ್ ಇ: ಎಂದು ಕೊಟ್ಟು ಡಿಸ್ಕ್‌ಗೆ ಇಟ್ಟಿರುವ ಹೆಸರನ್ನು ಓದಿ ಖಚಿತಪಡಿಸಿಕೊಳ್ಳಬೇಕು. ನಕಲಾದ ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿಯೇ ಬಿಡಬಾರದು. ಸಿಡಿಲು, ವಿದ್ಯುತ್ತಿನ ಏರಿಳಿತ ಅಥವಾ ವೈರಸ್ ಎರಡನ್ನೂ ಒಟ್ಟಿಗೆ ಕೆಡಿಸುತ್ತವೆ. ಡಿಸ್ಕ್‌ಗಳು ಎರಡಿರಲಿ. ಒಂದು ಕಾರ್ಯಾಲಯದ ಬೀರುವಿನಲ್ಲಿ, ಇನ್ನೊಂದು ಬೇರೆ ಸರ್ಕಾರಿ ಕಟ್ಟಡದಲ್ಲಿ, ಯಾರ ಸುಪರ್ದಿನಲ್ಲಿ ಎಂಬುದನ್ನು ಸಾಮಾನ್ಯ ಸಭೆಯಲ್ಲೇ ನಿರ್ಣಯಿಸಿ ನಡವಳಿಯಲ್ಲಿ ದಾಖಲಿಸುವುದು. ವಾರಕ್ಕೊಮ್ಮೆ ನಕಲು ಮಾಡಿದ ದಿನಾಂಕ ಮತ್ತು ನಕಲಾದ ಕಡತಗಳ ಸಂಖ್ಯೆಯನ್ನು ಬರೆಯಲು ಒಂದು ನೋಟ್‌ಪುಸ್ತಕ ಸಾಕು. ಸದಸ್ಯರು ಕಾರ್ಯಾಲಯಕ್ಕೆ ಬಂದಾಗ ಅದರ ಕೊನೆಯ ಸಾಲನ್ನು ನೋಡಬಹುದು.